ದವಡೆ ಲಾಕ್ ಆದಾಗ ಒಳಗೆ ಏನಾಗಿರುತ್ತದೆ?

ಒಂದು ಬೆಳಿಗ್ಗೆ ಎದ್ದು ಹಲ್ಲುಜ್ಜಲು ಹೋದರೆ ಬ್ರಷ್ ಬಾಯಿಯೊಳಗೆ ಹೋಗಲಿಲ್ಲ. ಮುಂದಿನ ಹಲ್ಲು ಉಜ್ಜಿದ್ದಾಯಿತು, ಇನ್ನು ದವಡೆ ಹಲ್ಲಿನ ಕಡೆ ತಿರುಗಿಸೋಣ ಎಂದು ಬಾಯಿ ಅಗಲಿಸಿದೆ, ಅರ್ಧಕ್ಕೇ ನಿಂತುಬಿಟ್ಟಿತು. ನೋವಿಗಿಂತ ಗಾಬರಿಯೇ ಜಾಸ್ತಿ. ಕನ್ನಡಿಯಲ್ಲಿ ನೋಡಿಕೊಂಡರೆ ಗದ್ದ ಎಡಕ್ಕೆ ವಾಲುತ್ತಿದೆ, ಎಡಗಿವಿಯ ಮುಂದೆ ಬಾಗಿಲಿಗೆ ಏನೋ ಅಡ್ಡ ಸಿಕ್ಕಿಕೊಂಡ ಹಾಗೆ. ಅದೇ ಎಡಗಡೆ ಐದಾರು ವರ್ಷದಿಂದ ಬಾಯಿ ತೆರೆದಾಗೆಲ್ಲ ಟಕ್ ಅಂತ ಒಂದು ಸದ್ದು ಬರುತ್ತಿತ್ತು. ಅವತ್ತು ಆ ಸದ್ದೂ ಇಲ್ಲ.

ಸದ್ದು ಹೋಯಿತಲ್ಲ, ಒಳ್ಳೆಯದೇ ಆಯಿತು ಅಂತ ಒಂದು ಕ್ಷಣ ಅನಿಸಿತ್ತು. ಅದು ಪೂರ್ತಿ ಉಲ್ಟಾ ಅಂತ ಆಮೇಲೆ ಗೊತ್ತಾಯಿತು. ಆ ಟಕ್ ಸದ್ದು ನಿಂತದ್ದೇ ಲಾಕ್ ಆದದ್ದರ ಗುರುತು.

ಇದು ಅರ್ಥವಾಗಬೇಕಾದರೆ ಕೀಲನ್ನು ಸ್ವಲ್ಪ ಮುಟ್ಟಿ ನೋಡಬೇಕು. ಎರಡೂ ಕೈಯ ತೋರುಬೆರಳನ್ನು ಕಿವಿಯ ಮುಂದೆ, ಕಿವಿತೂತಿನ ಎದುರಿಗೆ ಚಿಕ್ಕದಾಗಿ ಉಬ್ಬಿರುವ ಜಾಗದ ಸ್ವಲ್ಪ ಮುಂದಕ್ಕೆ ಇಟ್ಟುಕೊಳ್ಳಿ. ನಿಧಾನವಾಗಿ ಬಾಯಿ ತೆರೆಯಿರಿ. ಮೊದಲು ಬೆರಳಿನ ಕೆಳಗೆ ಅಷ್ಟೇನೂ ಆಗುವುದಿಲ್ಲ. ಅರ್ಧ ತೆರೆದ ಮೇಲೆ ಒಂದು ಗುಂಡನೆಯ ಗಂಟು ಬೆರಳಿನ ಕೆಳಗಿಂದ ಮುಂದಕ್ಕೆ ಜಾರಿ ಹೋಗುತ್ತದೆ, ಅದು ಇದ್ದ ಜಾಗದಲ್ಲಿ ಒಂದು ಗುಳಿ ಬೀಳುತ್ತದೆ. ಮುಚ್ಚಿದರೆ ಗಂಟು ವಾಪಸ್ ಬಂದು ಕೂರುತ್ತದೆ. ಆ ಗಂಟೇ ಕೆಳದವಡೆಯ ತುದಿ, ಅಂದರೆ ಕೀಲಿನ ಗುಂಡು. ಅದು ಕೂರುವ ಗುಳಿ ಇರುವುದು ತಲೆಬುರುಡೆಯಲ್ಲಿ.

ಮೊಣಕೈ ಕೀಲು ಬಾಗಿಲಿನ ಕೀಲಿನ ಹಾಗೆ ಮಡಚುತ್ತದೆ, ಅಷ್ಟೇ. ದವಡೆ ಕೀಲು ಹಾಗಲ್ಲ. ಮೊದಲ 20–25 ಮಿಲಿಮೀಟರ್ ತನಕ ಗುಂಡು ಇದ್ದಲ್ಲೇ ತಿರುಗುತ್ತದೆ. ಅದಕ್ಕಿಂತ ಜಾಸ್ತಿ ಬಾಯಿ ತೆರೆಯಬೇಕಾದರೆ ಗುಂಡು ತನ್ನ ಗುಳಿಯನ್ನು ಬಿಟ್ಟು ಮುಂದಿನ ಏರಿನ ಮೇಲೆ ಜಾರಲೇಬೇಕು. ಅಂದರೆ ಪ್ರತಿ ಸಲ ಆಕಳಿಸುವಾಗಲೂ ನಮ್ಮ ದವಡೆ ಒಂದು ರೀತಿಯಲ್ಲಿ ಅರ್ಧ ಕಳಚಿ ಮತ್ತೆ ಕೂತುಕೊಳ್ಳುತ್ತದೆ! ಅದೂ ಎಡಕ್ಕೊಂದು ಬಲಕ್ಕೊಂದು ಎರಡು ಕೀಲು, ಎರಡಕ್ಕೂ ಸೇರಿ ಒಂದೇ ಮೂಳೆ. ಒಂದು ಮುಷ್ಕರ ಹೂಡಿದರೆ ಇನ್ನೊಂದು ಒಂಟಿಯಾಗಿ ಎಳೆಯಬೇಕು. ಕೆಟ್ಟಿರುವ ಕಡೆಗೆ ಗದ್ದ ವಾಲುವುದು ಅದಕ್ಕೇ. ಸರಿ ಇರುವ ಕಡೆ ಮುಂದೆ ಹೋಗುತ್ತದೆ, ಕೆಟ್ಟ ಕಡೆ ಅಲ್ಲೇ ನಿಲ್ಲುತ್ತದೆ.

ಗುಂಡಿಗೂ ಗುಳಿಗೂ ಮಧ್ಯೆ ಒಂದು ಡಿಸ್ಕ್ ಇದೆ. ಬೆನ್ನುಮೂಳೆಯ ಡಿಸ್ಕ್ ಅಲ್ಲ, ಇದು ಚಿಕ್ಕದು. ನಡುವೆ ತೆಳ್ಳಗೆ, ಹಿಂದೆ ಮುಂದೆ ದಪ್ಪಗೆ ಇರುವ ಗಟ್ಟಿ ನಾರಿನ ಬಿಲ್ಲೆ. ತಲೆ ಮೇಲಿನ ಟೊಪ್ಪಿಯ ಹಾಗೆ ಗುಂಡಿನ ಮೇಲೆ ಕೂತು ಅದರ ಜೊತೆಗೇ ಮುಂದೆ ಹಿಂದೆ ಹೋಗುತ್ತದೆ. ಡಿಸ್ಕ್ ಹಿಂದೆ ಮೆತ್ತನೆಯ ಅಂಗಾಂಶ ಇದೆ, ಅದರಲ್ಲಿ ರಕ್ತನಾಳ ಮತ್ತು ನರ ತುಂಬಿಕೊಂಡಿವೆ. ಡಿಸ್ಕಿನ ನಡುಭಾಗದಲ್ಲಿ ನರವೇ ಇಲ್ಲ. ಹಾಗಾಗಿ ಡಿಸ್ಕ್ ಮೇಲೆ ಭಾರ ಬಿದ್ದರೆ ನೋವಿಲ್ಲ, ಅದರ ಹಿಂದಿನ ಮೆತ್ತನೆ ಜಾಗದ ಮೇಲೆ ಬಿದ್ದರೆ ಜೀವ ಹೋಗುವಷ್ಟು ನೋವು.

ಈಗ ಟಕ್ ಸದ್ದಿಗೆ ಬರೋಣ. ಕೆಲವರಲ್ಲಿ ಡಿಸ್ಕನ್ನು ಹಿಡಿದಿಡುವ ಪಟ್ಟಿಗಳು ಸಡಿಲವಾಗಿ ಡಿಸ್ಕ್ ಮುಂದಕ್ಕೆ ಜಾರಿರುತ್ತದೆ. ಟೊಪ್ಪಿ ಹಣೆಯ ಮೇಲೆ ಇಳಿದುಬಿಟ್ಟ ಹಾಗೆ. ಬಾಯಿ ತೆರೆಯುವಾಗ ಗುಂಡು ಮುಂದೆ ಹೋಗಿ ಡಿಸ್ಕಿನ ದಪ್ಪನೆಯ ಹಿಂದಿನ ಅಂಚನ್ನು ಹತ್ತಿ ಅದರ ಕೆಳಗೆ ನುಗ್ಗುತ್ತದೆ. ಆ ನುಗ್ಗುವ ಸದ್ದೇ ಟಕ್. ಮುಚ್ಚುವಾಗ ಡಿಸ್ಕ್ ಮತ್ತೆ ಜಾರುತ್ತದೆ, ಆಗ ಇನ್ನೊಂದು ಮೆಲ್ಲಗಿನ ಟಕ್. ಇಷ್ಟೇ ಆದರೆ ಏನೂ ತೊಂದರೆ ಇಲ್ಲ. ನೋವಿಲ್ಲದ, ಸಿಕ್ಕಿಕೊಳ್ಳದ ಬರೀ ಸದ್ದಿಗೆ ಚಿಕಿತ್ಸೆಯೇ ಬೇಡ ಎಂದು ಈ ವಿಷಯ ಬಲ್ಲ ಹೆಚ್ಚಿನವರು ಹೇಳುತ್ತಾರೆ. ದವಡೆಯಲ್ಲಿ ಯಾವ ತೊಂದರೆಯೂ ಇಲ್ಲದವರನ್ನು ಕರೆದು ಎಂಆರ್‌ಐ ಮಾಡಿದಾಗಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಡಿಸ್ಕ್ ಜಾಗ ಬಿಟ್ಟಿರುವುದು ಕಂಡಿದೆ. ಇಷ್ಟು ಜನರಲ್ಲಿ ಇರುವುದನ್ನು ಕಾಯಿಲೆ ಅಂತ ಕರೆಯುವುದು ಹೇಗೆ, ಅಲ್ವಾ?

ಸದ್ದು ಮಾಡುವ ಎಲ್ಲ ದವಡೆಯೂ ಲಾಕ್ ಆಗುವುದಿಲ್ಲ, ಹೆಚ್ಚಿನವು ಕೊನೆ ತನಕ ಸದ್ದು ಮಾಡಿಕೊಂಡೇ ಇರುತ್ತವೆ. ಆದರೆ ಕೆಲವರಲ್ಲಿ ಒಂದು ದಿನ ಡಿಸ್ಕ್ ಮುದುಡಿಕೊಂಡು ಗುಂಡಿನ ಮುಂದೆ ಗೋಡೆಯ ಹಾಗೆ ನಿಂತುಬಿಡುತ್ತದೆ. ಗುಂಡಿಗೆ ಅದರ ಕೆಳಗೆ ನುಗ್ಗಲು ಆಗುವುದಿಲ್ಲ. ನುಗ್ಗದಿದ್ದರೆ ಟಕ್ ಎಲ್ಲಿಂದ ಬರಬೇಕು? ತಿರುಗುವ ಭಾಗ ಮಾತ್ರ ಉಳಿಯುತ್ತದೆ, ಜಾರುವ ಭಾಗ ಹೋಗುತ್ತದೆ, ಬಾಯಿ 25–30 ಮಿಲಿಮೀಟರ್ ಹತ್ತಿರ ನಿಲ್ಲುತ್ತದೆ. ನನಗೆ ಆದದ್ದು ಇದೇ. ವೈದ್ಯರು ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲಿನ ಅಂಚುಗಳ ನಡುವೆ ಒಂದು ಪುಟ್ಟ ಸ್ಕೇಲ್ ಇಟ್ಟು ಅಳೆದರು, 27 ಬಂತು. ಸಾಮಾನ್ಯವಾಗಿ ದೊಡ್ಡವರಿಗೆ 40ರಿಂದ 50 ಇರುತ್ತದೆ. ಸ್ಕೇಲ್ ಇಲ್ಲದಿದ್ದರೆ ನಿಮ್ಮದೇ ಕೈಯ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ಹೋಗುತ್ತದಾ ನೋಡಿ. ಮೂರು ಹೋದರೆ ಸರಿ, ಎರಡಕ್ಕೇ ನಿಂತರೆ ಏನೋ ತಡೆ ಇದೆ ಅಂತ.

ಮುಚ್ಚಲಾಗದ ಲಾಕ್

ದವಡೆ ಲಾಕ್ ಅಂತ ಜನ ಹೇಳುವಾಗ ಎರಡು ಬೇರೆ ಬೇರೆ ವಿಷಯಗಳು ಒಂದೇ ಹೆಸರಲ್ಲಿ ಬರುತ್ತವೆ. ಮೇಲೆ ಹೇಳಿದ್ದು ತೆರೆಯಲಾಗದ ಲಾಕ್. ಇನ್ನೊಂದು ಮುಚ್ಚಲಾಗದ ಲಾಕ್, ಅಂದರೆ ದವಡೆ ಜಾರುವುದು. ದೊಡ್ಡದಾಗಿ ಆಕಳಿಸಿದಾಗ, ವಾಂತಿ ಮಾಡುವಾಗ, ಹಲ್ಲಿನ ಚಿಕಿತ್ಸೆಗೆ ಅಂತ ತುಂಬ ಹೊತ್ತು ಬಾಯಿ ತೆರೆದುಕೊಂಡು ಕೂತಾಗ ಗುಂಡು ಮುಂದಿನ ಏರನ್ನು ಹತ್ತಿ ಆಚೆ ಇಳಿದುಬಿಡುತ್ತದೆ. ಬಾಯಿ ಮುಚ್ಚುವ ಸ್ನಾಯುಗಳು ಗಾಬರಿಯಾಗಿ ಬಿಗಿಯುತ್ತವೆ, ಬಿಗಿದಷ್ಟೂ ಗುಂಡು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಾಯಿ ಹಾಗೇ ತೆರೆದಿರುತ್ತದೆ, ಜೊಲ್ಲು ಸುರಿಯುತ್ತದೆ, ಮಾತು ಹೊರಡುವುದಿಲ್ಲ. ಒಂದೇ ಕಡೆ ಜಾರಿದ್ದರೆ ಗದ್ದ ಸರಿ ಇರುವ ಕಡೆಗೆ ತಿರುಗಿರುತ್ತದೆ, ಮೊದಲಿನ ಲಾಕ್‌ಗೆ ಸರಿಯಾಗಿ ಉಲ್ಟಾ.

ಇದಕ್ಕೆ ಕಾಯಬಾರದು. ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಗಂಟೆಗಳು ಕಳೆದಷ್ಟೂ ಸ್ನಾಯು ಬಿಗಿಯುತ್ತಾ ಹೋಗಿ ಕೂರಿಸುವುದು ಕಷ್ಟ. ಬೇಗ ಹೋದರೆ ಸಾಮಾನ್ಯವಾಗಿ ನಿಮಿಷಗಳ ಕೆಲಸ. ವೈದ್ಯರು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೆಳಗಿನ ದವಡೆ ಹಲ್ಲಿನ ಮೇಲೆ ಇಟ್ಟು ಮೊದಲು ಕೆಳಕ್ಕೆ ಒತ್ತಿ, ಆಮೇಲೆ ಹಿಂದಕ್ಕೆ ತಳ್ಳುತ್ತಾರೆ. ಕೆಳಕ್ಕೆ ಒತ್ತುವುದು ಗುಂಡನ್ನು ಏರಿನಿಂದ ತಪ್ಪಿಸಲು, ಹಿಂದಕ್ಕೆ ತಳ್ಳುವುದು ಗುಳಿಗೆ ಕೂರಿಸಲು. ಕೂತ ಕ್ಷಣ ದವಡೆ ಪಟ್ಟನೆ ಮುಚ್ಚಿಕೊಳ್ಳುತ್ತದೆ, ಬಟ್ಟೆ ಸುತ್ತಿಕೊಳ್ಳುವುದು ಬೆರಳು ಉಳಿಸಿಕೊಳ್ಳಲು! ಹೆಚ್ಚುಕಡಿಮೆ ಇದೇ ವಿಧಾನ ಹಿಪ್ಪೋಕ್ರಾಟಿಸನ ಹೆಸರಿನ ಗ್ರೀಕ್ ಬರಹಗಳಲ್ಲಿದೆ, ಎರಡು ಸಾವಿರ ವರ್ಷ ದಾಟಿದರೂ ಇಂದಿಗೂ ಅದೇ ನಡೆಯುತ್ತಿದೆ. ಬೆರಳು ಹಾಕದೆ ಮಾಡುವ ಹೊಸ ಉಪಾಯವೂ ಒಂದಿದೆ: ಹಿಂಬದಿಯ ಹಲ್ಲುಗಳ ಮಧ್ಯೆ ಖಾಲಿ ಸಿರಿಂಜ್ ಅಡ್ಡ ಇಟ್ಟು, ರೋಗಿಯೇ ಅದನ್ನು ಮೆಲ್ಲಗೆ ಕಚ್ಚಿ ಹಿಂದೆ ಮುಂದೆ ಉರುಳಿಸುವುದು. ಓದಿದಿರಿ ಅಂತ ಮನೆಯಲ್ಲಿ ಯಾರ ಮೇಲೂ ಪ್ರಯೋಗ ಮಾಡಬೇಡಿ. ಮೂಳೆ ಮುರಿದಿದೆಯೋ ಬರೀ ಜಾರಿದೆಯೋ ಹೊರಗಿನಿಂದ ನಮಗೆ ಗೊತ್ತಾಗುವುದಿಲ್ಲ.

ಕೂರಿಸಿದ ಮೇಲೆ ಎರಡು ಮೂರು ವಾರ ಬಾಯಿ ಎರಡು ಬೆರಳಿಗಿಂತ ಅಗಲ ತೆರೆಯಬಾರದು. ಆಕಳಿಕೆ ಬಂದಾಗ ಮುಷ್ಟಿಯನ್ನು ಗದ್ದದ ಕೆಳಗೆ ಒತ್ತಿಡಬೇಕು, ಇಲ್ಲವೇ ಗದ್ದವನ್ನು ಎದೆಗೆ ತಾಗಿಸಿಕೊಂಡು ಆಕಳಿಸಬೇಕು. ಕೇಳಲು ತಮಾಷೆ, ಆದರೆ ಮತ್ತೆ ಜಾರದಂತೆ ತಡೆಯುವುದು ಇದೇ. ಒಂದು ಮಾತು ಸೇರಿಸಬೇಕು. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೊಪ್ರಮೈಡ್, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಥರದ ಔಷಧಿಗಳಿಂದ ಕೆಲವರಿಗೆ ದವಡೆ, ಕುತ್ತಿಗೆ, ಕಣ್ಣಿನ ಸ್ನಾಯುಗಳು ಇದ್ದಕ್ಕಿದ್ದ ಹಾಗೆ ಸೆಳೆದುಕೊಳ್ಳುತ್ತವೆ. ಅದಕ್ಕೆ ಮರುಮದ್ದು ಇದೆ, ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಯಾವ ಮಾತ್ರೆ ತೆಗೆದುಕೊಂಡಿರಿ ಎಂದು ವೈದ್ಯರಿಗೆ ಹೇಳುವುದನ್ನು ಮಾತ್ರ ಮರೆಯಬಾರದು.

ಕೀಲಿನದೇ ತಪ್ಪಲ್ಲ

ಬಾಯಿ ತೆರೆಯಲು ಆಗದಿದ್ದರೆ ಡಿಸ್ಕೇ ಕಾರಣ ಆಗಿರಬೇಕಿಲ್ಲ. ಕೀಲು ಚೆನ್ನಾಗಿದ್ದು ಸ್ನಾಯು ಬಿಗಿದುಕೊಂಡರೂ ಬಾಯಿ ಕಚ್ಚಿಕೊಳ್ಳುತ್ತದೆ. ಅರ್ಧ ಹೊರಗೆ ಬಂದ ಬುದ್ಧಿಹಲ್ಲಿನ ಸುತ್ತ ಒಸಡು ಕೀತರೆ ಹೀಗಾಗುತ್ತದೆ. ಬುದ್ಧಿಹಲ್ಲು ಕೀಳಿಸಿಕೊಂಡ ಮೇಲೆ ಕೆಲವು ದಿನ ಹೀಗಿರುವುದು ಸಾಮಾನ್ಯ. ಕೆಳದವಡೆ ಮರಗಟ್ಟಿಸಲು ಕೊಟ್ಟ ಇಂಜೆಕ್ಷನ್ನಿನ ಸೂಜಿ ಸ್ನಾಯುವಿಗೆ ತಾಗಿದ್ದರೆ ಎರಡು ಮೂರು ದಿನ ಬಿಟ್ಟು ಬಾಯಿ ಬಿಗಿಯಬಹುದು, ಜನ ಇಂಜೆಕ್ಷನ್ ಮರೆತೇ ಬಿಟ್ಟಿರುತ್ತಾರೆ. ಗಾಯ ಆಗಿ ಕೆಲವು ದಿನಗಳಲ್ಲಿ ಬಾಯಿ ಕಚ್ಚಿಕೊಳ್ಳುತ್ತಾ, ನುಂಗಲು ಕಷ್ಟವಾಗುತ್ತಾ, ಕುತ್ತಿಗೆ ಬಿರುಸಾಗುತ್ತಾ ಬಂದರೆ ಅದು ಧನುರ್ವಾಯು ಇರಬಹುದು, ಒಂದು ಗಂಟೆಯೂ ತಡ ಮಾಡಬಾರದು.

ಇನ್ನೊಂದು ಕಾರಣ ಯಾವ ಗದ್ದಲವೂ ಇಲ್ಲದೆ ಬರುತ್ತದೆ. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳಿಚಿಕೊಂಡು ನಾರು ನಾರಾಗಿ ಗಟ್ಟಿಯಾಗುತ್ತದೆ. ಖಾರ ತಾಗಿದರೆ ಉರಿ. ತಿಂಗಳು ತಿಂಗಳಿಗೆ ಬಾಯಿ ಸಣ್ಣದಾಗುತ್ತಾ ಹೋಗುತ್ತದೆ. ನೋವು ಕಡಿಮೆ ಇರುವುದರಿಂದ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಆದರೆ ಕೆಲವರಲ್ಲಿ ಇದು ಕ್ಯಾನ್ಸರ್‌ಗೆ ತಿರುಗುತ್ತದೆ. ರಾತ್ರೋರಾತ್ರಿ ಲಾಕ್ ಆದ ದವಡೆಗಿಂತ ನಿಧಾನವಾಗಿ ಮುಚ್ಚಿಕೊಳ್ಳುತ್ತಿರುವ ದವಡೆಯ ಬಗ್ಗೆ ನನಗೆ ಜಾಸ್ತಿ ಹೆದರಿಕೆ.

ನೋವು ಎಲ್ಲಿಂದ?

ಲಾಕ್ ಆಗದೆ ಬರೀ ನೋವು ಇರುವವರೇ ಜಾಸ್ತಿ. ಅವರಲ್ಲಿ ಹೆಚ್ಚಿನವರಿಗೆ ನೋವು ಬರುವುದು ಕೀಲಿನಿಂದಲ್ಲ, ಸ್ನಾಯುವಿನಿಂದ. ಹಲ್ಲು ಕಚ್ಚಿಕೊಂಡು ಕೆನ್ನೆಯ ಹಿಂಭಾಗ ಮುಟ್ಟಿ ನೋಡಿ, ಗಟ್ಟಿಯಾಗಿ ಉಬ್ಬುವುದೇ ಮ್ಯಾಸೆಟರ್ ಸ್ನಾಯು. ಕಣತಲೆ ಮುಟ್ಟಿ ಕಚ್ಚಿದರೆ ಅಲ್ಲೂ ಒಂದು ಉಬ್ಬುತ್ತದೆ. ಇವೆರಡೂ ತುಂಬ ಬಲಶಾಲಿ, ಆದರೆ ಎಡೆಬಿಡದೆ ದುಡಿಯಲು ಹುಟ್ಟಿದವಲ್ಲ. ಜಗಿಯುವುದು, ನುಂಗುವುದು ಎಲ್ಲ ಸೇರಿಸಿದರೂ ದಿನದಲ್ಲಿ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬೇಕಾದದ್ದು ಸುಮಾರು 20 ನಿಮಿಷ ಮಾತ್ರ ಎನ್ನುವ ಅಂದಾಜಿದೆ. ಮಿಕ್ಕ ಹೊತ್ತು ತುಟಿ ಮುಚ್ಚಿದ್ದರೂ ಹಲ್ಲುಗಳ ಮಧ್ಯೆ ಎರಡು ಮೂರು ಮಿಲಿಮೀಟರ್ ಜಾಗ ಇರಬೇಕು.

ಇದನ್ನು ಓದುವಾಗ ನಿಮ್ಮ ಹಲ್ಲು ಒಂದಕ್ಕೊಂದು ತಾಗಿದೆಯಾ ನೋಡಿಕೊಳ್ಳಿ. ತಾಗಿದ್ದರೆ, ಜೋರಾಗಿ ಕಚ್ಚದೆ ಸುಮ್ನೆ ತಾಗಿಸಿಕೊಂಡಿದ್ದರೂ, ಸ್ನಾಯು ಕೆಲಸ ಮಾಡುತ್ತಲೇ ಇದೆ. ಕಂಪ್ಯೂಟರ್ ಮುಂದೆ, ಗಾಡಿ ಓಡಿಸುವಾಗ, ಸಿಟ್ಟು ನುಂಗಿಕೊಂಡಾಗ ಹೀಗೆ ಗಂಟೆಗಟ್ಟಲೆ ಇರುತ್ತೇವೆ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದು ಪಕ್ಕದಲ್ಲಿ ಮಲಗಿದವರಿಗೆ ಕೇಳಿಸುತ್ತದೆ. ಹಗಲು ಕಚ್ಚುವುದು ಯಾರಿಗೂ ಕೇಳುವುದಿಲ್ಲ. ನನಗೆ ತಿಳಿದ ಮಟ್ಟಿಗೆ ನೋವಿನ ವಿಷಯದಲ್ಲಿ ಹಗಲಿನದೇ ದೊಡ್ಡ ಕಳ್ಳ.

ನೋವು ಕಿವಿಗೆ, ಕಣತಲೆಗೆ, ಹಲ್ಲಿಗೆ ಹರಡುವುದು ಇನ್ನೊಂದು ಗೋಜಲು. ಕೀಲಿಗೂ ಕಿವಿಗೂ ಮಧ್ಯೆ ಇರುವುದು ತೆಳ್ಳನೆ ಮೂಳೆ, ಕೀಲಿಗೆ ಬರುವ ನರದ ಕವಲೇ ಕಿವಿಯ ಮುಂಭಾಗಕ್ಕೂ ಹೋಗುತ್ತದೆ. ಹಾಗಾಗಿ ಕಿವಿ ನೋವು ಅಂತ ಹೋಗಿ, ಕಿವಿ ಪೂರ್ತಿ ಚೆನ್ನಾಗಿದೆ ಎನಿಸಿಕೊಂಡು ಬರುವವರು ಎಷ್ಟೋ ಜನ. 1934ರಲ್ಲಿ ಜೇಮ್ಸ್ ಕಾಸ್ಟನ್ ಎಂಬ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರು ಈ ಕಿವಿ ತೊಂದರೆಗಳನ್ನೂ ದವಡೆಯನ್ನೂ ಸೇರಿಸಿ ಬರೆದರು, ಎಷ್ಟೋ ವರ್ಷ ಈ ತೊಂದರೆಗೆ ಅವರದೇ ಹೆಸರಿತ್ತು. ಹಲ್ಲು ಕೂರುವ ರೀತಿ ಸರಿ ಇಲ್ಲದಿರುವುದೇ ಮೂಲ ಅಂತ ಅವರು ತಿಳಿದಿದ್ದರು. ಆ ನಂಬಿಕೆಯ ಹಿಂದೆ ಹೋಗಿ ದಶಕಗಳ ಕಾಲ ಎಷ್ಟೋ ಜನರ ಒಳ್ಳೆ ಹಲ್ಲುಗಳನ್ನು ತೇಯ್ದು ಸವೆಸಿ, ಕ್ಯಾಪ್ ಹಾಕಿ, ಸಾಲು ಬದಲಿಸಿದ್ದಾಯಿತು. ಈಗಿನ ತಿಳಿವಳಿಕೆ ಬೇರೆ. ಹಲ್ಲಿನ ಸಾಲು ಹೆಚ್ಚೆಂದರೆ ಸಣ್ಣ ಪಾತ್ರಧಾರಿ. ಪೆಟ್ಟು, ಕಚ್ಚುವ ಅಭ್ಯಾಸ, ನಿದ್ದೆಗೇಡು, ಒತ್ತಡ, ದೇಹದಲ್ಲಿ ಬೇರೆಡೆ ಇರುವ ನೋವು, ಹುಟ್ಟಿನಿಂದ ಬಂದ ಸಡಿಲ ಕೀಲುಗಳು, ಇವೆಲ್ಲ ಸೇರಿಯೇ ದವಡೆ ಕೆಡುವುದು. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಜಾಸ್ತಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಹಲ್ಲು ಕಡಿಸುತ್ತವೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ, ಕೊಟ್ಟವರಿಗೆ ಹೇಳಿ.

ದವಡೆ ನೋವು ಅಂತ ಬಂದು ದವಡೆಯದೇ ಅಲ್ಲದವೂ ಇವೆ. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋವು ಬಂದು ಕೂತರೆ ಇಳಿಯುತ್ತದೆ ಅಂದರೆ ಅದು ಹೃದಯ ಇರಬಹುದು. ಜೊತೆಗೆ ಎದೆ ಒತ್ತಡ, ಬೆವರು, ಉಸಿರು ಸಿಕ್ಕಿಕೊಳ್ಳುವುದು ಇದ್ದರೆ ಈ ಲೇಖನ ಬಿಟ್ಟು ಆಂಬುಲೆನ್ಸ್ ಕರೆಯಿರಿ. 50 ದಾಟಿದವರಿಗೆ ಹೊಸದಾಗಿ ತಲೆನೋವು ಶುರುವಾಗಿ, ಕಣತಲೆ ಮುಟ್ಟಿದರೆ ನೋವು, ಜಗಿಯುತ್ತಾ ಹೋದಂತೆ ದವಡೆ ಸೋತು ನಿಲ್ಲಿಸಿದರೆ ಸರಿಹೋಗುವುದು, ಕಣ್ಣು ಮಂಜು, ಇವು ಕಂಡರೆ ಅದು ರಕ್ತನಾಳದ ಉರಿಯೂತ ಇರಬಹುದು. ಅದೇ ದಿನ ತೋರಿಸದಿದ್ದರೆ ದೃಷ್ಟಿಯೇ ಹೋಗಬಹುದು. ಕರೆಂಟ್ ಹೊಡೆದ ಹಾಗೆ ಕ್ಷಣಕಾಲ ಬಂದು ಹೋಗುವ ನೋವು ನರದ್ದು. ಜ್ವರ, ಗದ್ದದ ಕೆಳಗೆ ಊತ, ನುಂಗಲು ಉಸಿರಾಡಲು ಕಷ್ಟ ಇದ್ದರೆ ಕೀವು ಹರಡುತ್ತಿದೆ ಎಂದರ್ಥ, ಅದೂ ತುರ್ತು. ಬಿಸಿ ತಣ್ಣಗಿನದು ತಾಗಿದಾಗ ಒಂದೇ ಹಲ್ಲು ಜುಮ್ ಎಂದರೆ ಹಲ್ಲನ್ನೇ ಮೊದಲು ನೋಡಿಸಿ.

ಹಾಗಾದರೆ ಏನು ಮಾಡಬೇಕು

ನಾನು ಮೊದಲು ಹೋದ ಕಡೆ, ಬಾಯಿ ನೋಡಿದ ಐದೇ ನಿಮಿಷಕ್ಕೆ ಹಲ್ಲು ತೇಯ್ದು ಸಮ ಮಾಡಿದರೆ ಸರಿಹೋಗುತ್ತದೆ ಎಂದರು. ಸ್ಕೇಲ್ ಇಟ್ಟು ಅಳೆಯಲೂ ಇಲ್ಲ. ಯಾಕೋ ಮನಸ್ಸು ಒಪ್ಪಲಿಲ್ಲ, ಎದ್ದು ಬಂದೆ. ಎರಡನೆಯವರು ಅರ್ಧ ಗಂಟೆ ಕೇಳಿದರು, ಮುಟ್ಟಿದರು, ಅಳೆದರು. ಆಮೇಲೆ ಹೇಳಿದ ಮಾತು ಇಷ್ಟು: ದವಡೆ ತೊಂದರೆಗಳಲ್ಲಿ ಹೆಚ್ಚಿನವು ವಾರ, ತಿಂಗಳಲ್ಲಿ ತಾವಾಗಿ ಇಳಿಯುತ್ತವೆ, ಅದಕ್ಕೇ ವಾಪಸ್ ಪಡೆಯಲಾಗದ್ದನ್ನು ಮೊದಲು ಮಾಡಬಾರದು. ಆಮೇಲೆ ಓದಿದ್ದೆಲ್ಲ ಆ ಮಾತಿಗೇ ಸಾಕ್ಷಿ ಹೇಳಿತು.

ಮೊದಲ ವಾರಗಳ ಕೆಲಸ ದವಡೆಗೆ ರಜೆ ಕೊಡುವುದು. ಮೆತ್ತಗಿನ ಊಟ, ಸಣ್ಣ ತುತ್ತು, ಎರಡೂ ಕಡೆ ಜಗಿಯುವುದು. ಚೂಯಿಂಗ್ ಗಮ್ ಬೇಡ, ಉಗುರು ಕಚ್ಚುವುದು ಬೇಡ, ಗದ್ದಕ್ಕೆ ಕೈ ಕೊಟ್ಟು ಕೂರುವುದು ಬೇಡ, ಫೋನನ್ನು ಹೆಗಲಿಗೂ ಕೆನ್ನೆಗೂ ಮಧ್ಯೆ ಸಿಕ್ಕಿಸಿಕೊಳ್ಳುವುದಂತೂ ಬೇಡವೇ ಬೇಡ. ಸರಿ ಹೋಯಿತಾ ಅಂತ ಹತ್ತು ನಿಮಿಷಕ್ಕೊಮ್ಮೆ ಬಾಯಿ ಅಗಲಿಸಿ ನೋಡುವುದನ್ನೂ ಬಿಡಬೇಕು, ನಾನು ಮಾಡಿದ ದೊಡ್ಡ ತಪ್ಪು ಅದೇ. ನೋವಿರುವ ಸ್ನಾಯುವಿಗೆ 15–20 ನಿಮಿಷ ಬೆಚ್ಚಗಿನ ಒದ್ದೆ ಬಟ್ಟೆಯ ಶಾಖ, ದಿನಕ್ಕೆ ಎರಡು ಮೂರು ಸಲ. ಹೊಸ ಪೆಟ್ಟು, ಊತ ಇದ್ದರೆ ಮೊದಲ ಒಂದೆರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್. ನೋವಿನ ಮಾತ್ರೆ ಕೆಲವು ದಿನಕ್ಕೆ ತೆಗೆದುಕೊಳ್ಳಬಹುದು, ಆದರೆ ಐಬುಪ್ರೊಫೇನ್ ಜಾತಿಯ ಮಾತ್ರೆಗಳು ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ, ರಕ್ತ ತೆಳು ಮಾಡುವ ಔಷಧಿ ತೆಗೆದುಕೊಳ್ಳುವವರಿಗೆ, ಗರ್ಭಿಣಿಯರಿಗೆ ಆಗಿಬರುವುದಿಲ್ಲ, ಕೇಳಿಯೇ ತೆಗೆದುಕೊಳ್ಳಿ.

ಇದರ ಜೊತೆ ಕಚ್ಚಿದ ಹಲ್ಲು ಬಿಡಿಸುವ ಅಭ್ಯಾಸ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಮುಂಭಾಗದ ಹಲ್ಲಿನ ಹಿಂದೆ ಅಂಗುಳಕ್ಕೆ ಮೆಲ್ಲಗೆ ತಾಗಿರಲಿ. 'ನ' ಅಂತ ಹೇಳಲು ನಾಲಿಗೆ ಎಲ್ಲಿ ಹೋಗುತ್ತದೋ ಅಲ್ಲೇ ಸ್ವಲ್ಪ ಹಿಂದೆ. ನಾನು ಕಂಪ್ಯೂಟರ್ ಅಂಚಿಗೆ ಒಂದು ಹಸಿರು ಚುಕ್ಕೆ ಅಂಟಿಸಿಕೊಂಡಿದ್ದೆ, ಕಂಡಾಗೆಲ್ಲ ಹಲ್ಲು ಬಿಡಬೇಕು. ಮೊದಲ ದಿನ ನೋಡಿದಷ್ಟು ಸಲವೂ ಹಲ್ಲು ಕಚ್ಚಿಕೊಂಡೇ ಇದ್ದೆ, ನಾಚಿಕೆಯಾಯಿತು. ಮೂರು ವಾರಕ್ಕೆ ಕಣತಲೆಯ ಸಂಜೆ ನೋವು ಅರ್ಧ ಇಳಿದಿತ್ತು.

ಆಮೇಲೆ ವ್ಯಾಯಾಮ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿಟ್ಟುಕೊಂಡು ಬಾಯಿಯನ್ನು ನಿಧಾನ ತೆರೆದು ಮುಚ್ಚುವುದು, ಗದ್ದ ವಾಲದ ಹಾಗೆ ಕನ್ನಡಿ ನೋಡಿಕೊಂಡು, ಒಂದು ಸರದಿಗೆ ಆರು ಸಲ, ದಿನಕ್ಕೆ ಐದಾರು ಸರದಿ. ನಾಲಿಗೆ ಒತ್ತಿಟ್ಟರೆ ಗುಂಡು ತಿರುಗುತ್ತದೆ, ಮುಂದಕ್ಕೆ ಜಾಸ್ತಿ ಜಾರುವುದಿಲ್ಲ, ಅದೇ ಇದರ ಗುಟ್ಟು. ತೆರೆಯಲಾಗದ ಲಾಕ್ ಇದ್ದವರಿಗೆ ಬೇರೆ, ಅವರು ಮೆಲ್ಲಗೆ ಎಳೆದು ಹಿಗ್ಗಿಸಬೇಕು. ಇದನ್ನು ದವಡೆಯ ಅನುಭವ ಇರುವ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯುವುದು ಒಳ್ಳೆಯದು. ಲಾಕ್ ಆಗಿ ಕೆಲವೇ ದಿನ ಆಗಿದ್ದರೆ ಅನುಭವಿ ಕೈ ಕೆಲವೊಮ್ಮೆ ಕೀಲನ್ನು ಕೆಳಕ್ಕೆ ಎಳೆದು ಡಿಸ್ಕನ್ನು ಮತ್ತೆ ಹತ್ತಿಸುತ್ತದೆ, ತಡವಾದಷ್ಟೂ ಆ ಸಾಧ್ಯತೆ ಕಡಿಮೆ.

ನೈಟ್ ಗಾರ್ಡ್ ವಿಷಯ ಎಲ್ಲರೂ ಕೇಳುತ್ತಾರೆ. ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಗಟ್ಟಿ ಪ್ಲಾಸ್ಟಿಕ್ ಅಚ್ಚು ಅದು. ಹಲ್ಲು ಸವೆಯುವುದನ್ನು ಅದು ನಿಜವಾಗಿ ತಡೆಯುತ್ತದೆ. ನೋವು ಕಡಿಮೆ ಮಾಡುತ್ತದಾ ಎನ್ನುವುದರಲ್ಲಿ ಮಾತ್ರ ಪುರಾವೆ ತೆಳು. 2023ರ ಕೊನೆಗೆ ಬಿಎಂಜೆ ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ, ಮೂರು ತಿಂಗಳು ದಾಟಿದ ದವಡೆ ನೋವಿಗೆ ಏನು ಕೊಡಬೇಕು ಏನು ಬೇಡ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂತು. ಅದರಲ್ಲಿ ಗಟ್ಟಿಯಾಗಿ ಬೆಂಬಲಿಸಿದ್ದು ಬಹಳ ಸಾದಾ ವಿಷಯಗಳನ್ನು: ಕಲಿಸಿಕೊಟ್ಟ ದವಡೆ ವ್ಯಾಯಾಮ, ಕೈಯಿಂದ ಕೀಲು ಆಡಿಸುವುದು, ಸ್ನಾಯುವಿನ ಗಂಟುಗಳನ್ನು ಒತ್ತಿ ಬಿಡಿಸುವುದು, ನಿಲ್ಲುವ ಕೂರುವ ಭಂಗಿ ಸರಿಪಡಿಸುವುದು, ನೋವನ್ನು ನೋಡುವ ರೀತಿ ಬದಲಿಸುವ ಮಾತಿನ ಚಿಕಿತ್ಸೆ, ಮತ್ತು ರೋಗಿಗೆ ವಿಷಯ ತಿಳಿಸಿ ಧೈರ್ಯ ಹೇಳುವುದು. ತೆಗೆದು ಹಾಕಬಹುದಾದ ನೈಟ್ ಗಾರ್ಡ್, ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್, ಲೇಸರ್ ಇವೆಲ್ಲ ಸಾಮಾನ್ಯವಾಗಿ ಬೇಡ ಎನ್ನುವ ಪಟ್ಟಿಯಲ್ಲಿದ್ದವು. ಹಲ್ಲಿನ ಸಾಲನ್ನೇ ಶಾಶ್ವತವಾಗಿ ಬದಲಿಸುವ ಅಚ್ಚು, ಡಿಸ್ಕ್ ಕಿತ್ತುಹಾಕುವ ಆಪರೇಷನ್ ಇವನ್ನು ಖಡಾಖಂಡಿತ ಬೇಡ ಎಂದರು. ಮಾತಿನ ಚಿಕಿತ್ಸೆ ಅಂದ ತಕ್ಷಣ ನೋವು ಬರೀ ಮನಸ್ಸಿನದು ಎನ್ನುತ್ತಿದ್ದಾರೆ ಅಂತ ಸಿಟ್ಟಾಗಬೇಡಿ. ತಿಂಗಳುಗಟ್ಟಲೆ ನೋವಿದ್ದರೆ ನರಗಳೇ ಅತಿಸೂಕ್ಷ್ಮ ಆಗಿಬಿಡುತ್ತವೆ, ಸಣ್ಣ ತಾಗುವಿಕೆಯೂ ದೊಡ್ಡ ನೋವಾಗಿ ಕೇಳಿಸುತ್ತದೆ. ಆ ವಾಲ್ಯೂಮ್ ಇಳಿಸುವ ದಾರಿ ಅದು.

ಲಾಕ್ ಬಿಡದೆ ಹಟ ಹಿಡಿದರೆ ಇನ್ನೊಂದು ಮೆಟ್ಟಿಲು ಇದೆ. ಕೀಲಿನೊಳಗೆ ಎರಡು ಸೂಜಿ ಚುಚ್ಚಿ, ಒಂದರಿಂದ ಸಲೈನ್ ಬಿಟ್ಟು ಇನ್ನೊಂದರಿಂದ ಹೊರಗೆ ಹರಿಸಿ ಕೀಲನ್ನು ತೊಳೆಯುವುದು. ಮರಗಟ್ಟಿಸಿ ಮಾಡುತ್ತಾರೆ. ಡಿಸ್ಕ್ ಮತ್ತು ಮೇಲಿನ ಮೂಳೆ ಅಂಟಿಕೊಂಡಿದ್ದರೆ ಬಿಡಿಸಿ, ಉರಿಯೂತದ ರಸವನ್ನು ತೊಳೆದುಹಾಕುತ್ತದೆ. ಸಾದಾ ದಾರಿಗಳು ಕೈಕೊಟ್ಟ ಮೇಲೆ ಮಾತ್ರ ಅಲ್ಲಿಗೆ ಹೋಗಬೇಕು. ಮೂಳೆಗಳೇ ಬೆಸೆದುಕೊಂಡಿದ್ದರೆ, ಗಡ್ಡೆ ಇದ್ದರೆ, ಸಂಧಿವಾತ ಕೀಲನ್ನು ತಿಂದುಹಾಕಿದ್ದರೆ ದೊಡ್ಡ ಆಪರೇಷನ್ನಿಗೆ ಅರ್ಥ ಇದೆ. ಬರೀ ನೋವಿಗೆ ಅಂತ ಕೀಲು ತೆರೆಯುವ ಮುಂಚೆ ಹಳೆಯ ಕಥೆಯೊಂದು ನೆನಪಿರಬೇಕು. 1980ರ ದಶಕದಲ್ಲಿ ಅಮೆರಿಕದಲ್ಲಿ ಎಷ್ಟೋ ಜನರ ಡಿಸ್ಕ್ ತೆಗೆದು ಟೆಫ್ಲಾನ್ ಲೇಪಿಸಿದ ಕೃತಕ ಡಿಸ್ಕ್ ಹಾಕಿದ್ದರು. ಜಗಿಯುವ ಭಾರಕ್ಕೆ ಅದು ಪುಡಿಯಾಯಿತು, ಪುಡಿಯ ವಿರುದ್ಧ ದೇಹ ತಿರುಗಿಬಿದ್ದು ಸುತ್ತಲಿನ ಮೂಳೆ ಕರಗಿತು. 1990ರ ದಶಕದ ಆರಂಭಕ್ಕೆ ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಹಿಂದಕ್ಕೆ ಕರೆಸಿತು. ಅಷ್ಟರಲ್ಲಿ ಎಷ್ಟೋ ಜನರಿಗೆ ಮೊದಲಿದ್ದ ಟಕ್ ಸದ್ದೇ ವಾಸಿ ಎನಿಸಿತ್ತು.

ಸ್ಕ್ಯಾನ್ ಬಗ್ಗೆ ಎರಡು ಮಾತು. ಹಲ್ಲಿನವರು ತೆಗೆಯುವ ಅಗಲ ಎಕ್ಸ್‌ರೇಯಲ್ಲಿ ಮೂಳೆ, ಹಲ್ಲು ಕಾಣುತ್ತವೆ, ಡಿಸ್ಕ್ ಕಾಣುವುದಿಲ್ಲ. ಡಿಸ್ಕ್ ಬೇಕೆಂದರೆ ಎಂಆರ್‌ಐ. ಆದರೆ ಮೂರರಲ್ಲಿ ಒಬ್ಬರ ಲೆಕ್ಕ ನೆನಪಿಟ್ಟುಕೊಳ್ಳಿ, ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣ ಅಲ್ಲ. ಕೇಳುವುದು, ಮುಟ್ಟುವುದು, ಅಳೆಯುವುದರಲ್ಲೇ ಹೆಚ್ಚಿನದು ಗೊತ್ತಾಗುತ್ತದೆ. ವೈದ್ಯರ ಹತ್ತಿರ ಹೋಗುವಾಗ ಯಾವಾಗ ಶುರುವಾಯಿತು, ಮೊದಲು ಸದ್ದು ಇತ್ತಾ, ಸದ್ದು ಯಾವಾಗ ನಿಂತಿತು, ಬೆಳಿಗ್ಗೆ ಜಾಸ್ತಿಯೋ ಸಂಜೆ ಜಾಸ್ತಿಯೋ ಇಷ್ಟನ್ನು ಬರೆದುಕೊಂಡು ಹೋಗಿ. ಬೆಳಿಗ್ಗೆ ಜಾಸ್ತಿ ಎಂದರೆ ರಾತ್ರಿ ಹಲ್ಲು ಕಡಿಯುವ ಗುಮಾನಿ, ಸಂಜೆ ಜಾಸ್ತಿ ಎಂದರೆ ಹಗಲು ಕಚ್ಚುವ ಗುಮಾನಿ.

ನನ್ನ ಅಳತೆಗೆ ನಾನು ಐಸ್‌ಕ್ರೀಮ್ ಕಡ್ಡಿ ಇಟ್ಟುಕೊಂಡಿದ್ದೆ. ಒಂದರ ಮೇಲೊಂದು ಜೋಡಿಸಿ ಮುಂಭಾಗದ ಹಲ್ಲುಗಳ ನಡುವೆ ಎಷ್ಟು ಹಿಡಿಯುತ್ತದೆ ಅಂತ ವಾರಕ್ಕೊಮ್ಮೆ ಮಾತ್ರ ನೋಡಬೇಕು ಎಂದಿದ್ದರು. ಮೊದಲ ವಾರ 13 ಕಡ್ಡಿ, ಎರಡನೆಯ ವಾರವೂ 13. ಸಿಟ್ಟು ಬಂದು ಕಡ್ಡಿ ಎಸೆದೆ, ಮತ್ತೆ ಹೆಕ್ಕಿಕೊಂಡೆ. ಐದನೆಯ ವಾರಕ್ಕೆ 16, ಹನ್ನೆರಡನೆಯ ವಾರಕ್ಕೆ 20. ಸ್ಕೇಲಿನಲ್ಲಿ 41 ಮಿಲಿಮೀಟರ್. ಹಾಗಾದರೆ ಡಿಸ್ಕ್ ಜಾಗಕ್ಕೆ ವಾಪಸ್ ಬಂತಾ ಎಂದು ಕೇಳಿದೆ. ಬಹುಶಃ ಇಲ್ಲ ಎಂದರು ವೈದ್ಯರು. ಅದು ಮುಂದೆಯೇ ಮುದುಡಿಕೊಂಡಿರುತ್ತದೆ, ಅದರ ಹಿಂದಿನ ಮೆತ್ತನೆ ಅಂಗಾಂಶ ನಿಧಾನವಾಗಿ ಗಟ್ಟಿ ನಾರಾಗಿ ಡಿಸ್ಕಿನ ಕೆಲಸ ತಾನೇ ಕಲಿತುಕೊಂಡಿರುತ್ತದೆ. ಟಕ್ ಸದ್ದು ಇವತ್ತಿನವರೆಗೂ ವಾಪಸ್ ಬಂದಿಲ್ಲ. ಬ್ರಷ್ ಮಾತ್ರ ಕೊನೆಯ ಹಲ್ಲಿನ ತನಕ ಹೋಗುತ್ತದೆ.